ಮಾವನ ಕರಿ ಬಟ್ಟೆ, ಅತ್ತೆಯ ಎಡಗಾಲು

ನಮ್ಮ ಸೋದರಮಾವನ ಮನೆಗೆ ಹೋದವರಿಗೆ ಮೊದಲು ನೀರು ಸಿಗುವುದಿಲ್ಲ. ಕೈಯಲ್ಲಿರುವುದನ್ನು ಇಸಿದುಕೊಂಡು ಮಾವ ಮೊದಲು ತೂಗುತ್ತಾರೆ. ಛತ್ರಿಯೋ ಚೀಲವೋ ಹೆಲ್ಮೆಟ್ಟೋ, ಏನಾದರೂ ಸರಿ. ತೂಗಿ, ಅಯ್ಯೋ ಪಾಪ ಎನ್ನುವ ಮುಖ ಮಾಡಿ, ಇದನ್ನು ಕಾರ್ಬನ್ನಿನಲ್ಲಿ ಮಾಡಿದರೆ ಅರ್ಧಕ್ಕರ್ಧ ಇಳಿಸಬಹುದು ಎನ್ನುತ್ತಾರೆ. ನಮ್ಮಮ್ಮ ಒಂದು ಸಲ ಮೊಮ್ಮಗುವನ್ನು ಎತ್ತಿಕೊಂಡು ತಮ್ಮನ ಮನೆಗೆ ಹೋದವರು, ವಾಪಸ್ ಬರುವವರೆಗೂ ಮಗುವನ್ನು ಕೆಳಗಿಳಿಸಲಿಲ್ಲ. ಯಾರಿಗೆ ಗೊತ್ತು!

ಮಾವ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಬ್ಬಿಣದ ಜೊತೆ ಗುದ್ದಾಡಿದವರು. ರಿಟೈರ್ ಆಗಿದ್ದೇ ತಡ, ಕಬ್ಬಿಣ ಕಂಡರಾಗದು! ಈಗ ಮತ್ತಿಕೆರೆಯ ಮನೆಯ ಟೆರೇಸಿನಲ್ಲಿ ಶೀಟು ಹೊದಿಸಿದ ಕೋಣೆಯೇ ಅವರ ಕಾರ್ಖಾನೆ. ಕಾರ್ಬನ್ ಎಂದರೆ ಕಪ್ಪಗೆ, ಚಾಪೆ ಹೆಣೆದ ಹಾಗೆ ಕಾಣುವ, ವಿಮಾನಕ್ಕೂ ಬಳಸುವ ಒಂದು ಬಟ್ಟೆ. ಅಚ್ಚಿನ ಮೇಲೆ ಅದನ್ನು ಒಂದು ಪದರ ಹಾಸುವುದು, ಎಪಾಕ್ಸಿ ರೆಸಿನ್ ಎಂಬ ಅಂಟು ಬಳಿಯುವುದು, ಮೇಲೆ ಇನ್ನೊಂದು ಪದರ, ಮತ್ತೆ ರೆಸಿನ್. ಚಿರೋಟಿಗೆ ತುಪ್ಪ ಸವರುವ ಕೆಲಸವೇ ಅನ್ನಿ. ಒಂದು ದಿನ ಬಿಟ್ಟು ಅಚ್ಚಿನಿಂದ ಬಿಡಿಸಿದರೆ ಹಪ್ಪಳದಷ್ಟು ಹಗುರ, ಸುತ್ತಿಗೆಯಲ್ಲಿ ಹೊಡೆದರೂ ಜಗ್ಗುವುದಿಲ್ಲ.

ಈ ಹುಚ್ಚು ಯಾಕೆ ಹತ್ತಿತು ಅಂತೀರಾ? ಅತ್ತೆಯಿಂದ. ಬೆನ್ನಿನ ಆಪರೇಷನ್ ಆದಮೇಲೆ ಅವರ ಎಡಪಾದ ಜೋತುಬಿತ್ತು. ಹೆಜ್ಜೆ ಎತ್ತಿದರೆ ಬೆರಳು ನೆಲಕ್ಕೆ ತಗುಲಿ ಮುಗ್ಗರಿಸುತ್ತಿದ್ದರು. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ಕಿನ ಆಸರೆ ಭಾರ, ಸೆಕೆ ಬೇರೆ ಎಂದು ಬೀರುವಿನ ಮೇಲೆ ಸೇರಿತು. ದಿನಾ ಸಂಜೆ ಸೊಪ್ಪು ಮಾರುವವಳ ಜೊತೆ ಒಂದು ಸುತ್ತು ಜಗಳ ಆಡದಿದ್ದರೆ ಊಟ ಸೇರದ ಹೆಂಗಸು, ಎರಡು ವರ್ಷ ಬೀದಿಗೆ ಇಳಿಯಲಿಲ್ಲ. ಇಳಿದರೂ ಡಾಕ್ಟರ ಹತ್ತಿರ ಮಾತ್ರ, ಅದೂ ಮಾವನ ಭುಜ ಹಿಡಿದು. ಮನೆ ಇರುವುದು ಮೊದಲನೇ ಮಹಡಿಯಲ್ಲಿ.

"ನಿನ್ ಕಾಲಿಗೆ ನಾನೇ ಮಾಡ್ಕೊಡ್ತೀನಿ ಕಣೇ. ಸೊಪ್ಪಿಗೆ ನೀನೇ ಹೋಗ್ಬೇಕು," ಎಂದರು ಮಾವ. ಡಾಕ್ಟರು ನಕ್ಕು, ಮಾಡಿ ತನ್ನಿ, ನಾನು ನೋಡಿ ಒಪ್ಪಿದರೆ ಹಾಕಿಸಿ ಎಂದರಂತೆ.

ಆದರೆ ಕಾಲಿಗೆ ಕೈ ಹಾಕುವ ಮುಂಚೆ ಅಭ್ಯಾಸ ಬೇಡವೇ? ಬಲಿಯಾದದ್ದು ಅತ್ತೆಯ ಅಡುಗೆಮನೆ. ರೆಸಿನ್ ಅಳೆಯಲು ತಕ್ಕಡಿ ಹೋಯಿತು, ಬಟ್ಟೆ ಕತ್ತರಿಸಲು ರವಿಕೆಯ ಕತ್ತರಿ ಹೋಯಿತು, ಅಚ್ಚಿಗೆಂದು ತವರಿನ ಸ್ಟೀಲ್ ಬೇಸನ್ ಹೋಯಿತು. ಅಚ್ಚಿಗೆ ಮೊದಲು ಮೇಣ ಸವರಬೇಕು, ಇಲ್ಲದಿದ್ದರೆ ಅಂಟಿದ್ದು ಈ ಜನ್ಮದಲ್ಲಿ ಬಿಡುವುದಿಲ್ಲ. ಮಾವ ಗ್ರಾಂ ಲೆಕ್ಕದಲ್ಲಿ ಮುಳುಗಿ ಮೇಣವನ್ನೇ ಮರೆತರು! ಆ ಬೇಸನ್ನು ಈಗಲೂ ಇದೆ, ಒಳಗೆ ಸ್ಟೀಲು, ಹೊರಗೆ ಕಾರ್ಬನ್ನು. ವಿಮಾನ ಹಾರಿಸುವವರ ಮನೆಯಲ್ಲೂ ಇಂಥದ್ದಿಲ್ಲ ಎಂದು ಅತ್ತೆ ಅದರಲ್ಲೇ ಇಡ್ಲಿ ಹಿಟ್ಟು ಕಲಸುತ್ತಾರೆ.

ಇನ್ನೊಂದು ದಿನ ಡಬ್ಬದ ತುಂಬ ರೆಸಿನ್ನಿಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಕಲಸಿಟ್ಟು, ನನಗೆ ಫೋನ್ ಮಾಡಿ ಅದರ ಗುಣಗಾನ ಶುರುಮಾಡಿದರು. ಅಷ್ಟೊಂದನ್ನು ಒಟ್ಟಿಗೆ ಕಲಸಿಟ್ಟರೆ ಅದು ತಾನೇ ಕಾಯುತ್ತದೆ. ಇವರ ಮಾತು ಮುಗಿಯುವಷ್ಟರಲ್ಲಿ ಟೆರೇಸಿನ ತುಂಬ ಹೊಗೆ! ಗಣಹೋಮಕ್ಕೆ ನಮ್ಮನ್ನು ಕರೆಯಲೇ ಇಲ್ಲವಲ್ಲ ಎಂದು ಎದುರುಮನೆಯಾಕೆ ಒಂದು ವಾರ ಮಾತು ಬಿಟ್ಟರು.

ಕೊನೆಗೆ ಅತ್ತೆಯ ಕಾಲಿಗೆ ಪ್ಲಾಸ್ಟರ್ ಸುತ್ತಿ, ಅದರಿಂದ ಅಚ್ಚು ತೆಗೆದರು. ಬಿಳಿ ಕಾಲೊಂದು ಕಿಟಕಿಯಲ್ಲಿ ಒಣಗುತ್ತ ನಿಂತಿತು. ಅದನ್ನು ಕಂಡ ಸಿಲಿಂಡರಿನವನು ಅಂದಿನಿಂದ ಮೆಟ್ಟಿಲು ಹತ್ತುವುದಿಲ್ಲ. ಅಚ್ಚಿನ ಎರಡನೇ ಬೆರಳಿನ ಕೆಳಗೆ ಒಂದು ಸಣ್ಣ ಉಬ್ಬಿತ್ತಂತೆ. ಗಾಳಿಗುಳ್ಳೆ ಇರಬೇಕೆಂದು ಮಾವ ಉಪ್ಪುಕಾಗದ ಹಿಡಿದು ನುಣ್ಣಗೆ ಉಜ್ಜಿದರು. ಈ ಸಲ ಮೇಣ ಎರಡೆರಡು ಸಲ ಸವರಿ, ಪದರದ ಮೇಲೆ ಪದರ ಹಾಸಿ, ಮೂರು ದಿನ ಕೂತು ಅಂಚು ತಿಕ್ಕಿದರು. ಹೊಳೆಯುವ ಕರಿ ಆಸರೆ ಸಿದ್ಧವಾಯಿತು. ನಾನು ಯಲಹಂಕದಿಂದ ಅದನ್ನು ನೋಡಲೆಂದೇ ಹೋದೆ. ಅತ್ತೆ ಕಾಲಿಟ್ಟರು, ಎದ್ದರು, "ಅಮ್ಮಾ" ಎಂದು ಕೂತರು.

ಮಾವ ಬಗ್ಗಿ ನೋಡಿದರು. ಆ ಉಬ್ಬು ಗಾಳಿಗುಳ್ಳೆಯಲ್ಲ, ಕಾಲುಂಗುರ!

"ಅದನ್ನ ತೆಗೆದಿಟ್ರೆ ಆಗೋಯ್ತು," ಎಂದರು ಮಾವ ಮೆಲ್ಲಗೆ.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಇನ್ನೂ ಇದ್ದೀರಲ್ಲ?"

ಮಾವ ಟೆರೇಸು ಹತ್ತಿದರು. ನಾನೂ ಯಲಹಂಕಕ್ಕೆ ವಾಪಸ್ ಹೋಗದೆ ಅಲ್ಲೇ ಉಳಿದೆ. ಮತ್ತೆ ಪ್ಲಾಸ್ಟರು, ಮತ್ತೆ ಮೇಣ, ಮತ್ತೆ ಚಿರೋಟಿ. ಕಾಲುಂಗುರ ಕೂರಲು ಒಂದು ಪುಟ್ಟ ಗುಳಿ ಬಿಟ್ಟರು. ಆ ಗುಳಿಯನ್ನು ಬೆರಳಿನಿಂದ ಅದೆಷ್ಟು ಸಲ ಸವರಿ ನೋಡಿದರೆಂದರೆ, ನೋಡುತ್ತಿದ್ದ ನನಗೇ ಅಳು ಬಂತು. ಒಂದು ಲೋಟ ಕಾಫಿಗಿಂತ ಹಗುರವಾಗಿತ್ತು ಅದು. ಡಾಕ್ಟರು ಹಿಂದೆ ಮುಂದೆ ನಡೆಸಿ ನೋಡಿ, ಒಪ್ಪಿದರು.

ಅವತ್ತು ಸಂಜೆಯೇ ಅತ್ತೆ ಸೊಪ್ಪಿನ ಚೀಲ ಹಿಡಿದು ಹೊರಟರು. ಮಾವ ಅಭ್ಯಾಸಬಲದಿಂದ ಒಂದು ಮೆಟ್ಟಿಲು ಕೆಳಗೆ ಹೋಗಿ ಭುಜ ಬಗ್ಗಿಸಿ ನಿಂತರು. ಅತ್ತೆ ಕಂಬಿ ಹಿಡಿದು ಅವರನ್ನು ದಾಟಿಕೊಂಡು ಇಳಿದರು. ಒಂದು, ಎರಡು, ಮೂರು. ಬೆರಳು ಎಲ್ಲಿಯೂ ತಗುಲಲಿಲ್ಲ. ಕೆಳಗೆ ತಲುಪಿ ಗೇಟು ತೆಗೆದರು. ಮಾವ ಮಾತ್ರ ಭುಜ ಬಗ್ಗಿಸಿಕೊಂಡು ಅಲ್ಲೇ ನಿಂತಿದ್ದರು.

"ಏನ್ ಮಾವ?" ಎಂದೆ.

ಭುಜ ನೀವಿಕೊಂಡರು. "ಇಲ್ಲೇನೋ ಕಮ್ಮಿ ಆದಂಗಿದೆ ಕಣೇ."

ತೂಕ ಇಳಿದದ್ದಕ್ಕೆ ಆ ಮನುಷ್ಯನ ಮುಖ ಬಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆಗೆ ಕೇಳಿಸಿತೋ ಇಲ್ಲವೋ, ಗೇಟಿನ ಹತ್ತಿರ ತಿರುಗಿ ನಿಂತರು.

"ಬನ್ರೀ. ರಸ್ತೆ ದಾಟೋಕೆ ನಿಮ್ಮ ಭುಜ ಬೇಕು."

ಸೊಪ್ಪಿನ ಗಾಡಿ ನಿಲ್ಲುವುದು ರಸ್ತೆಯ ಈ ಬದಿಯಲ್ಲೇ, ನಾಲ್ಕು ಮನೆ ಆಚೆ. ಅಲ್ಲಿಗೆ ಹೋಗಲು ದಾಟಬೇಕಾದ ರಸ್ತೆಯೇ ಇಲ್ಲ. ಮಾವ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದು ಹೋಗಿ ಭುಜ ಕೊಟ್ಟರು.