ಅಕ್ಕ, ಮಾವ ಮತ್ತು ಪಶುಪತಿನಾಥ

ನಾನು ರೋಣದವ. ಊರು ಬಿಟ್ಟು ಎಲ್ಲಿಗೇ ಹೋಗಲಿ, ಮೆಣಸಗಿಯ ನಮ್ಮ ಅಕ್ಕ ಮತ್ತು ಆಕೆಯ ಗಂಡ, ನಮ್ಮ ಮಾವ, ಜೊತೆಗಿದ್ದರೆ ಪುಣ್ಯಕ್ಕಿಂತ ಮೊದಲು ಫಜೀತಿ ಸಿಗುತ್ತದೆ. ಹೋದ ವರ್ಷ ಮೂವರೂ ನೇಪಾಳಕ್ಕೆ ಹೋಗಿದ್ದೆವು.

ಹೊಳೆ

ಕಾಲು ತೊಳೆದು ದರ್ಶನಕ್ಕೆ ಹೋಗೋಣವೆಂದು ಮೊದಲು ಗುಡಿಯ ಪಕ್ಕದ ಬಾಗಮತಿ ಹೊಳೆಗೆ ಬಂದೆವು. ಬೇಸಿಗೆ. ನೀರು ಪಾದ ಮುಳುಗುವಷ್ಟು, ಮೆಟ್ಟಿಲು ಮಾತ್ರ ಸಾಲುಸಾಲು. ಅಕ್ಕ ಮೊಣಕಾಲು ಹಿಡಿದುಕೊಂಡು ಇಳಿದಳು.

"ಪವಿತ್ರ ಹೊಳಿ ಅಕ್ಕಾ, ಕೈ ಮುಗಿ" ಅಂದೆ.

ಮುಗಿದಳು. "ಇಷ್ಟ ನೀರಿಗೆ ಇಷ್ಟ ಮೆಟ್ಲಾ ಇಳೀಬೇಕೇನೋ? ನಮ್ಮ ಮಲಪ್ರಭವ್ವನ ಚಲೋ. ಮಳಿಗಾಲದಾಗ ತಾನ ಅಡಗಿಮನಿಗೆ ಬಂದು ದರ್ಶನ ಕೊಟ್ಟ ಹೋಗ್ತಾಳ."

ಪರದೇಶದ ಪ್ಯಾಂಟು

ಮಾವ ಜನ್ಮವಿಡೀ ಧೋತರದವರು. "ಪರದೇಶಕ್ಕ ಹೊಂಟೀವಿ, ಧೋತರ ಉಟ್ರ ಮಂದಿ ನಗತಾರ" ಅಂತ ನರಗುಂದದಲ್ಲಿ ಪ್ಯಾಂಟು ಹೊಲಿಸಿದ್ದರು. ಊಟಕ್ಕೆ ಜಾಗ ಇರಲಿ ಅಂತ ನಡ ಸಡಿಲ. ಪಶುಪತಿನಾಥನ ಬಾಗಿಲಲ್ಲಿ ಕಾವಲುಗಾರ ತಡೆದ. ಚರ್ಮದ ಬೆಲ್ಟು ಒಳಗೆ ಬಿಡುವುದಿಲ್ಲ. ಬೆಲ್ಟು ಹೊರಗಿಟ್ಟು, ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡು ಮಾವ ಒಳಗೆ ಬಂದರು. ನೋಡಿದರೆ ಅಲ್ಲಿ ಅರ್ಧ ಮಂದಿ ಧೋತರದಲ್ಲೇ ಇದ್ದಾರೆ!

ಮಾವ ಬಲಗೈ ಒಂದನ್ನೇ ಹಣೆಗೆ ಮುಟ್ಟಿಸಿದರು. ಅಕ್ಕನಿಗೆ ಸಿಟ್ಟು ಬಂತು. "ಎರಡೂ ಕೈ ಜೋಡಸ್ರಿ. ದೇವರೇನ ನಿಮ್ಮ ದೋಸ್ತನ?"

"ಜೋಡಸ್ತೀನಿ. ಮೊದಲ ಆ ದೇವರಿಗೆ ಕಣ್ಣ ಮುಚ್ಚಾಕ ಹೇಳು."

ಭಟ್ಟರು

ಗರ್ಭಗುಡಿಯ ಮುಂದೆ ಗದ್ದಲ. ಭಟ್ಟರು ಮಂತ್ರ ಹೇಳುತ್ತ ಲಗುಲಗು ಪ್ರಸಾದ ಕೊಡುತ್ತಿದ್ದರು. ಇಲ್ಲಿ ಕನ್ನಡ ಯಾರಿಗೆ ತಿಳಿಯಬೇಕು ಎಂಬ ಧೈರ್ಯ ಅಕ್ಕನಿಗೆ. ಅವರ ಮುಖವನ್ನೇ ನೋಡುತ್ತ, ಕೈ ಚಾಚಿ, ಭಕ್ತಿಯಿಂದ ನಗುನಗುತ್ತ ನನಗೆ ಹೇಳಿದಳು: "ಈ ಭಟ್ಟ ಅರ್ಧಾ ಮಂತ್ರ ನುಂಗ್ತಾನ ನೋಡೋ. ಅದಕ್ಕ ಹೊಟ್ಟಿ ಹಂಗ ಬಂದೈತಿ."

ಭಟ್ಟರು ಆಕೆಯ ಅಂಗೈಗೆ ಹೂವು ಹಾಕಿದರು. ಸ್ವಚ್ಛ ಕನ್ನಡದಲ್ಲಿ ಅಂದರು: "ಮಂತ್ರ ಪೂರ್ತಿ ಹೇಳಿದ್ದೇನಮ್ಮ. ಹೊಟ್ಟೆ ಬಂದದ್ದು ಊಟದಿಂದ."

ಕರ್ನಾಟಕದ ಭಟ್ಟರು ಅಲ್ಲಿ ಪೂಜೆ ಮಾಡುವುದು ಹಳೆಯ ಪದ್ಧತಿಯಂತೆ. ನಮಗೆ ಯಾರು ಹೇಳಬೇಕು? ನನಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಮಾವ ಬೇರೆ ಯಾರದೋ ಗಂಡನಂತೆ ಕಂಬದ ಕೆತ್ತನೆ ನೋಡುತ್ತ ನಿಂತುಬಿಟ್ಟರು.

ಅಕ್ಕನ ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ ಗಜೇಂದ್ರಗಡದ ಸೀರೆಯ ಸೆರಗು ತಲೆಮೇಲೆ ಎಳೆದುಕೊಂಡಳು.

"ಅಯ್ಯ, ನಮ್ಮವರ ಏನ್ರಿ! ಅದಕ್ಕ ನೋಡ್ರಿ, ಬೈಬೇಕು ಅನಿಸ್ತು. ಹೊರಗಿನ ಮಂದಿಗೆ ನಾ ಹಂಗ ಅನ್ನಾಕಿ ಅಲ್ಲ. ಇನ್ನೊಂದೀಟ ಪ್ರಸಾದ ಹಾಕ್ರಿ."