ಕರಗದ ಅಲೆಯ ಬೆನ್ನು ಹತ್ತಿ

ಗಣಿತ ಮಾಡೋರ ಬಾಳಿನ್ಯಾಗ ನಗು ಎಲ್ಲಿಂದ ಬರಬೇಕು ಅಂತೀರಿ? ನೀವು ನಮ್ಮ ಅತ್ತಿಯವರನ್ನ ನೋಡಿಲ್ಲ, ಬಿಡ್ರಿ. ಪುಣೆಯಾಗ ನಾನು ಪಿಎಚ್‌ಡಿಗೆ ಕುಂತಾಗಿಂದ ಒಂದಿಲ್ಲೊಂದು ಆಗೇ ಆಗ್ತದ.

೧. ಅದ, ಆದ್ರ ಎಲ್ಲಿ?

"ದಿನಾ ಏನು ಹುಡುಕ್ತೀಯವಾ?" ಅತ್ತಿ ಕೇಳಿದ್ರು.

"ಒಂಟಿ ಅಲೆ ರೀ. ಎಷ್ಟು ದೂರ ಹೋದ್ರೂ ಒಡಿಯೂದಿಲ್ಲ, ಕರಗೂದಿಲ್ಲ. ಜಗತ್ತಿನ ಸಣ್ಣ ಕಣಗಳೂ ಇಂಥಾ ಅಲೆನೇ ಇರಬಹುದು ಅಂತಾರ."

"ಅಬ್ಬಬ್ಬಾ! ಸಿಕ್ತೇನು?"

"ಸಿಗೂದು ಬ್ಯಾಡ್ರಿ. ಅದ ಅಂತ ಸಾಧಿಸಿದ್ರ ಸಾಕು. ಆದ್ರ ಸಮೀಕರಣಕ್ಕ ಸೊನ್ನಿನೂ ಒಂದು ಉತ್ತರ. ನನ್ನ ಅಲೆ ಸೊನ್ನಿ ಅಲ್ಲ ಅಂತ ತೋರಿಸದಿದ್ರ ಇಷ್ಟು ವರ್ಷ ದುಡದದ್ದು ನೀರಾಗ ಹೋದಂಗ."

"ನನ್ನ ಮಗಗ ಹೆಣ್ಣು ಹುಡುಕೂ ಮುಂದ ಆ ಏಜೆಂಟನೂ ಹಿಂಗ ಅಂತಿದ್ದ. ಹುಡುಗಿ ಅದಾಳ, ಎಲ್ಲದಾಳ ಗೊತ್ತಿಲ್ಲ ಅಂತ. ಅವಂಗ ಯಾರೂ ಡಾಕ್ಟರ್ ಅನ್ಲಿಲ್ಲ ನೋಡು!"

೨. ಹಿಂಜವಾಡಿಯ ನೀರಾಗ

ಮಳಿಗಾಲದಾಗ ಪುಣೆಯ ಹಿಂಜವಾಡಿ ರಸ್ತೆ ಹಳ್ಳ ಆಗಿತ್ತು. ನಾ ಕುಂತಿದ್ದ ರಿಕ್ಷಾದ ಮುಂದ ಕಂಪನಿ ಬಸ್ಸೊಂದು ಗಕ್ಕನೆ ನಿಂತಿತು. ಅದು ದೂಡಿದ ನೀರು ಮಾತ್ರ ನಿಲ್ಲಲಿಲ್ಲ. ಒಂದೇ ಒಂದು ಉಬ್ಬು, ತನ್ನ ಪಾಡಿಗೆ ತಾನು ಮುಂದ ಮುಂದ ಹೊಂಟಿತು. ಹಾಳ್ಯಾಗ ಬರೀತಿದ್ದದ್ದು ಕಣ್ಣ ಮುಂದ! ಮೈ ಜುಂ ಅಂತು. ರಿಕ್ಷಾದಿಂದ ಜಿಗಿದು ಮೊಣಕಾಲ ನೀರಾಗ ಅದರ ಬೆನ್ನು ಹತ್ತಿದೆ.

"ಅಕ್ಕಾರ ಚಪ್ಪಲಿ ತೇಲಿ ಹೋತು!" ಅಂತ ರಿಕ್ಷಾದಾಂವ ಮರಾಠಿಯೊಳಗ ಕೂಗಿದ. ಮಂದಿ ನನ್ನ ಜೋಡಿ ಓಡಿತು. ಅಲೆ ಕೈಗೆ ಸಿಗಲಿಲ್ಲ. ಆದ್ರ ಪುಣ್ಯಾತ್ಮನೊಬ್ಬ ಯಾರದೋ ಗಂಡಸರ ಬೂಟು ತಂದು ನನ್ನ ಕೈಯಾಗಿಟ್ಟ.

೩. ಮೌಖಿಕ ಪರೀಕ್ಷಾ

ದಿಲ್ಲಿಯಿಂದ ಬಂದ ಪರೀಕ್ಷಕರು ಭಾಳ ಖಡಕ್. ನಾ ಅಂಜಿದ್ದನ್ನೇ ಕೇಳಿದ್ರು: "ಸೊನ್ನೆ ಅಲ್ಲ ಅಂತ ಹೆಂಗ ಹೇಳ್ತೀರಿ?"

"ಅಲೆ ದೂರ ಸರೀತದ್ರಿ, ಕಳಿಯೂದಿಲ್ಲ. ಅದರ ಹಿಂದ ನಾವೂ ಸರದು ನೋಡಿದ್ರ, ಅಲ್ಲಿ ಇಡೀಗೆ ಇಡೀ ನಿಂತಿರ್ತದ."

ಅವರು ಹಾಳ್ಯಾಗ ಏನೋ ಬರಕೊಂಡ್ರು. ಹೊರಗ ಕಳಿಸಿದ್ರು. ಬಾಗಲದಾಗ ಅತ್ತಿ, ಕೈಯಾಗ ಚೀಲ.

"ದೂರದಿಂದ ಬಂದ ಹಿರ್‍ಯಾರನ್ನ ಬರಿಗೈಲೆ ಕಳಸಬಾರದವಾ," ಅಂದವರು, ನಾನು ತಡಿಯೂದ್ರೊಳಗ ಸೀದಾ ಒಳಗ ನಡದ್ರು. ಹೊರಗ ಬಂದಾಗ ಚೀಲ ಖಾಲಿ. ಮುಗೀತು ನನ್ನ ಕಥಿ ಅಂದ್ಕೊಂಡೆ.

ಬಾಗಲಾ ತೆರೀತು. ಪರೀಕ್ಷಕರು ನಿಂತಿದ್ರು. ಹಣಿಗೆ ಕುಂಕುಮ, ಹೆಗಲಿಗೆ ಟವೆಲ್ಲು, ತಲಿಮ್ಯಾಲ ಬೆಳ್ಳನ ಟೊಪಗಿ, ಕೈಯಾಗ ತೆಂಗಿನಕಾಯಿ, ನಮ್ಮ ಕಡೆ ಬೀಗರಿಗೆ ಮಾಡೂ ಮರ್ಯಾದಿ ಪೂರಾ. ಮುಖ ಮಾತ್ರ ಅಷ್ಟ ಗಂಭೀರ.

"ನಿಮ್ಮ ಅಲೆ ಸೊನ್ನೆ ಅಲ್ಲ, ಡಾಕ್ಟರ್."

ನನಗ ಅಳುನೂ ಬಂತು, ನಗುನೂ ಬಂತು. ಅತ್ತಿ ಕಿವ್ಯಾಗ ಅಂದ್ರು: "ಪಾಸ್ ಅಂದ್ರು, ಚಲೋ ಆತು. ಇಲ್ಲಂದಿದ್ರ ಆ ಟೊಪಗಿ ಕಸಗೊಂಡ ಬರ್ತಿದ್ದೆ!"