ಏಕಾದಶಿ ಕದನದಲ್ಲಿ ಬಿಂದುಮಾಧವ ಕಟ್ಟಿಯ ಪರಾಕ್ರಮ

ದೇವಾಸುರರು ಕಡಲು ಕಡೆದ ಕಾಲ ಕಳೆದು, ದ್ವಾಪರದ ಶಂಖಗಳೆಲ್ಲ ಮೌನವಾಗಿ, ಹೆಬ್ಬೆರಳ ತುದಿಯಿಂದಲೇ ಬ್ರಹ್ಮಾಸ್ತ್ರ ಬಿಡಬಲ್ಲ ಈ ಕಲಿಯುಗದಲ್ಲಿ, ಗದಗವೆಂಬ ಮಹಾನಗರಿಯಲ್ಲಿ, ವಿದ್ಯುತ್ ಕಚೇರಿಯ ಗುಮಾಸ್ತನೂ ಧರ್ಮಸಂರಕ್ಷಣಧುರಂಧರನೂ ಕುತರ್ಕಿಗಜಘಟಾಪಂಚಾನನನೂ ಊಟವಾದ ಮೇಲೆ ತುಸು ನಿದ್ರಾಲೋಲನೂ ಆದ ಬಿಂದುಮಾಧವ ಕಟ್ಟಿಯೆಂಬ ವೀರನು 'ಧರ್ಮದುಂದುಭಿ'ಯೆಂಬ ಬ್ಲಾಗನ್ನು ಆಳುತ್ತಿದ್ದನು. ತಾಯಿ ವಾಗ್ದೇವಿ, ಅವನ ಕಥೆ ಹೇಳಲು ನಾಲಿಗೆಗೆ ಬಲ ಕೊಡು. ನಡುವೆ ನಗು ಬಂದರೆ ತಡೆದುಕೊಳ್ಳುವ ಶಕ್ತಿಯನ್ನೂ ಕೊಡು.

ಕಚೇರಿಯಲ್ಲಿ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಈ ಬ್ಲಾಗಿನಲ್ಲಿ ಮಾತ್ರ ಅವನು ಹೇಳಿದ್ದನ್ನು ನಾಲ್ಕು ಜನ ನಂಬಿ ನಡೆಯುತ್ತಿದ್ದರು. ಅದೂ ಹೋದರೆ ಅವನಿಗೆ ಉಳಿಯುವುದು ಗುಮಾಸ್ತಿಕೆಯೊಂದೇ.

ಜನವರಿಯ ಒಂದು ಮುಂಜಾನೆ ಆ ಮಹಾರಥಿಯು ಆಯುಧಾಗಾರದಲ್ಲಿ ನಿಂತವನಂತೆ ವಿಷಯವನ್ನು ಆರಿಸುತ್ತ ಕುಳಿತನು. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಿಷಿದ್ಧವೇ ಎಂಬ ಅಸ್ತ್ರವನ್ನು ಹೂಡಿ ಹಿಂದೊಮ್ಮೆ ಸ್ವಂತ ಭಾವಮೈದುನನಿಂದಲೇ ಉಗಿಸಿಕೊಂಡಿದ್ದನು. ದ್ವೈತಾದ್ವೈತಗಳ ತಂಟೆಗೆ ಹೋಗಲು ಎದೆಗಾರಿಕೆ ಸಾಲಲಿಲ್ಲ. ದೇವರ ಚಿತ್ರವಿರುವ ಹಳೆಯ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸುವುದು ಮಹಾಪಾಪವೆಂದು ಡಿಸೆಂಬರಿನಲ್ಲಿ ಬರೆದದ್ದೊಂದೇ ನಿರ್ವಿಘ್ನವಾಗಿ ಗೆದ್ದಿತ್ತು. ಅಂಥದೇ ನಿರಪಾಯಕಾರಿ ವಿಷಯ ಬೇಕೆಂದು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನತ್ತ ದೃಷ್ಟಿ ಬೀರಿ, 'ಇದೇ ಇಪ್ಪತ್ತೊಂದರಂದು ಏಕಾದಶಿ. ಸರ್ವರೂ ನಿರಾಹಾರರಾಗಿರತಕ್ಕದ್ದು' ಎಂದು ಬ್ಲಾಗಿನಲ್ಲಿ ಸಾರಿದನು.

ಅವನ ಹೆಂಡತಿ ವೃಂದಾಬಾಯಿ ಅನುಮಾನಿಸಿದಳು. "ಮೊನ್ನೆನೇ ವೈಕುಂಠ ಏಕಾದಶಿ ಮುಗಿಸಿದ್ವಲ್ರೀ. ಇಷ್ಟು ಲಗೂ ಮತ್ತೊಂದು ಬಂತ?"

"ಕಲಿಯುಗದಾಗ ಕಾಲ ಲಗೂನೇ ಓಡ್ತದ," ಎಂದನು ಕಾಲಜ್ಞಾನಿ.

ಆಗ, ಧರ್ಮದುಂದುಭಿಯಲ್ಲಿ ಏನೇ ಬರೆದರೂ ಕೊಂಕು ತೆಗೆಯುತ್ತಿದ್ದ, ಮುಖ ತೋರದ, 'ಬೆಟಗೇರಿ ಭೀಮ'ನೆಂಬ ಹೆಸರಿನ ಆಜನ್ಮವೈರಿಯು ರಣಾಂಗಣಕ್ಕೆ ಧುಮುಕಿದನು. ಅವನ ಬಾಣ ಇಷ್ಟೇ ಇತ್ತು: "ಇಪ್ಪತ್ತೊಂದಕ್ಕ ಸಪ್ತಮಿ ಐತ್ರಿ ಸಾಹೇಬ್ರ. ಏಕಾದಶಿ ಇಪ್ಪತ್ತೈದಕ್ಕ. ಒಮ್ಮೆ ಕ್ಯಾಲೆಂಡರ್ ನೋಡ್ರಿ."

ಕಟ್ಟಿಯ ಕಣ್ಣುಗಳು ಕೆಂಪಾದವು. ತಿಥಿಯನ್ನೇ ಬಿಟ್ಟುಕೊಟ್ಟರೆ ನಾಳೆ ತನ್ನ ಯಾವ ಮಾತು ನಿಂತೀತು ಎಂದು ಅವನಿಗೆ ನಿಜಕ್ಕೂ ಭಯವಾಗಿತ್ತು. ಭಯವಾದಾಗ ಅವನ ಕನ್ನಡ ಸಂಸ್ಕೃತದ ಕಡೆ ಏರುತ್ತಿತ್ತು. "ಎಲವೋ ಭೀಮನಾಮಮಾತ್ರಧಾರಿಯೇ, ಅರುಣೋದಯವನ್ನೂ ದಶಮೀವೇಧವನ್ನೂ ಅರಿಯದ ಅಲ್ಪಮತಿಯೇ, ಮಠಭೇದದಿಂದ ತಿಥಿಭೇದವಾಗುವ ಸೂಕ್ಷ್ಮ ನಿನ್ನಂಥವರಿಗೆ ನಿಲುಕೀತೆ? ಈ ಕಟ್ಟಿಯ ಲೇಖನಿಯೆದುರು ನಿಂತವರು ಯಾರೂ ನೆಟ್ಟಗೆ ಮರಳಿದ್ದಿಲ್ಲ," ಎಂದು ಗರ್ಜಿಸಿದನು.

"ಮಠಭೇದಕ್ಕ ಒಂದು ದಿನ ಹಿಂದಮುಂದ ಆಗ್ತೈತ್ರಿ," ಎಂದನು ಭೀಮ. "ನಾಕು ದಿನ ಹೆಂಗ ಆಗ್ತೈತಿ?"

ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ; ಫೋನಿನಲ್ಲಿತ್ತು. ವೀರನು ಅವನನ್ನು ಬ್ಲಾಕ್ ಮಾಡಿ, ಜಯಭೇರಿಯ ಬದಲು ಒಂದು ಲೋಟ ಚಹಾ ತರಿಸಿಕೊಂಡು ಕುಡಿದನು.

ಇಪ್ಪತ್ತೊಂದು ಬಂದಿತು. ನಿರಾಹಾರಮಹಾವ್ರತದೀಕ್ಷಿತನು ಹಗಲೆಲ್ಲ ಕಚೇರಿಯಲ್ಲಿ ಸಹೋದ್ಯೋಗಿಗಳ ಮಿರ್ಚಿ ಭಜಿಯ ವಾಸನೆಯನ್ನು ಜಯಿಸಿ, ಸಂಜೆ ಮನೆಗೆ ಬಂದು ಅಡುಗೆಮನೆಯಲ್ಲಿ ಗೋಡೆಗೊರಗಿ ಕುಳಿತನು.

"ನಾಳೆ ಪಾರಣಿ ಎಷ್ಟಕ್ಕದ ನೋಡು," ಎಂದನು ಕ್ಷೀಣಸ್ವರದಿಂದ.

ವೃಂದಾಬಾಯಿ ಎದ್ದು ಹೋಗಿ, ಗೋಡೆಯ ಮೇಲಿನ ಲಕ್ಷ್ಮೀನರಸಿಂಹನ ಕ್ಯಾಲೆಂಡರನ್ನು ಎತ್ತಿ, ಅದರ ಕೆಳಗೆ ತೂಗುತ್ತಿದ್ದ ಇನ್ನೊಂದನ್ನು ನೋಡತೊಡಗಿದಳು.

"ಮೇಲಿಂದು ಬಿಟ್ಟು ಕೆಳಗಿಂದ್ಯಾಕ ನೋಡ್ಲಿಕ್ಕತ್ತಿ?"

"ಮೇಲಿಂದು ಹ್ವಾದ ವರ್ಷದ್ದಲ್ರೀ. ದೇವರ ಚಿತ್ರ ಅದ, ಇಳಸಬಾರದು ಅಂತ ನೀವೇ ಬರದಿದ್ರಿ." ಹಾಳೆಯ ಮೇಲೆ ಬೆರಳಾಡಿಸಿದಳು. "ಅಯ್ಯ, ಇದರಾಗ ಇವತ್ತು ಸಪ್ತಮಿ ಅದ. ತಿಥಿ ನೀವು ನೋಡೀರಿ ಅಂತ ನಾ ನೋಡ್ಲೇ ಇಲ್ಲ."

ಹೊಸ ವರ್ಷ ಬಂತೆಂದು ಭಕ್ತಿಯಿಂದ ಹಾಳೆಗಳನ್ನೆಲ್ಲ ತಿರುವಿ ಆ ಹಳೆಯ ಕ್ಯಾಲೆಂಡರನ್ನು ಮತ್ತೆ ಜನವರಿಗೆ ತಂದಿಟ್ಟವನು ತಾನೇ ಎಂಬುದು ಆಗ ಕಟ್ಟಿಗೆ ನೆನಪಾಯಿತು. ಅವನು ನರಸಿಂಹನ ಮುಖ ನೋಡಿದನು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹಸಿವಾಗಿತ್ತು. ವೃಂದಾಬಾಯಿ ಕುಕ್ಕರ್ ಇಟ್ಟಳು. ಅವಳೂ ಮುಂಜಾನೆಯಿಂದ ಏನೂ ತಿಂದಿರಲಿಲ್ಲ.

ಅನ್ನವಾಗುವಷ್ಟರಲ್ಲಿ ವೀರನು ಭೀಮನ ಬಂಧನ ಬಿಡಿಸಿ, ಧರ್ಮದುಂದುಭಿಯಲ್ಲಿ ಒಂದೂ ಸಮಾಸವಿಲ್ಲದ ಮೊದಲ ಬರಹವನ್ನು ಬರೆದನು: 'ತಿಥಿ ತಪ್ಪಾಗಿದೆ. ನಾನು ನೋಡಿದ್ದು ಹಳೆಯ ಕ್ಯಾಲೆಂಡರ್. ಬೆಟಗೇರಿ ಭೀಮ ಅವರು ಹೇಳಿದ್ದೇ ಸರಿ.' ಇನ್ನು ಬರಲಿರುವ ಗದಾಪ್ರಹಾರಕ್ಕೆ ಎದೆಯೊಡ್ಡಿ ಊಟಕ್ಕೆ ಕುಳಿತನು.

ಬಿಸಿ ಅನ್ನಕ್ಕೆ ಸಾರು ಕಲಸುವಾಗ ಫೋನ್ ಗುಣುಗುಟ್ಟಿತು. ಭೀಮ ಬರೆದಿದ್ದನು: "ನಾನೂ ಮುಂಜಾನಿಂದ ಏನೂ ತಿಂದಿಲ್ರಿ. ನೀವು ಅಷ್ಟು ಗಟ್ಟಿಸಿ ಹೇಳಿದ ಮ್ಯಾಲೆ, ಎಲ್ಲಿ ನಿಮ್ಮದ ಖರೆ ಇದ್ದೀತು ಅಂತ ಅಂಜಿಕಿ ಬಂತು. ಈಗ ಉಂಡರ ನಡೀತೈತೇನ್ರಿ?"

ಕುತರ್ಕಿಗಜಘಟಾಪಂಚಾನನನ ಬಲಗೈ ಸಾರಿನಲ್ಲಿತ್ತು. ಬಾಯಲ್ಲಿ ತುತ್ತಿತ್ತು. ಅವನು ಎಡಗೈಯ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದನು: "ಉಣ್ರಿ. ನಾನೂ ಉಣ್ಲಿಕ್ಕತ್ತೇನಿ."